ಅದೂ ಅಲ್ಲ, ಇದೂ ಅಲ್ಲದ ಹೂವು

"ಇದು ಆ ಗಿಡ ಅಲ್ಲ!"

ಗಾಜಿನ ಮನೆಯಲ್ಲಿ ಅಕ್ಕ ಕುಂಡದ ಮುಂದೆ ಕೂಗಿಕೊಂಡಳು. ಸಸ್ಯೋದ್ಯಾನದ ಎಲ್ಲರಿಗೂ ಆಕೆ ಅಕ್ಕ. ಮನಸ್ಸು ಬಿಚ್ಚಿ ಮಾತಾಡಲು ಮಾತ್ರ ಯಾರೂ ಇಲ್ಲ. ಕುಂಡ ಅದೇ, ಬಿಳಿ ಹೂವೂ ಅಂಥದ್ದೇ. ಆದರೆ ಕಳುವಾದದ್ದು ಕಾಡಿನಲ್ಲಿ ನಿರ್ನಾಮವಾಗಿ ಈ ಒಂದೇ ಕುಂಡದಲ್ಲಿ ಉಳಿದಿದ್ದ ಆರ್ಕಿಡ್. ಸಾಕಿದವಳಿಗೆ ಗುರುತು ತಪ್ಪುತ್ತದೆಯೇ?

ಅರಣ್ಯ ಇಲಾಖೆಯ ತನಿಖಾಧಿಕಾರಿ ಬಂದ. ಹಿಂದಿನ ದಿನ ಒಳಗೆ ಹೋದವರು ಮೂವರು— ಈ ವರ್ಷ ಸೇರಿದ ಮಾಲಿ, ಊರಿಗೆ ಹೊಸಬನಾದ ಫೋಟೋಗ್ರಾಫರ್, ಮತ್ತು ಅಕ್ಕನ ಒಡಹುಟ್ಟಿದ ತಂಗಿ. ಹಿಂದೆ ಇಲ್ಲೇ ಕೆಲಸಕ್ಕಿದ್ದ ತಂಗಿ ಜಗಳವಾಡಿ ಬಿಟ್ಟುಹೋಗಿದ್ದಳು. ವರ್ಷಗಳ ಮೇಲೆ ಬಂದರೂ ಅಕ್ಕ ತಲೆಯೆತ್ತಿ ನೋಡಿರಲಿಲ್ಲ.

ಮೂವರನ್ನೂ ಕರೆಸಿದ.

"ಬೀಗದ ಕೈ ನಿನ್ನ ಹತ್ರ ತಾನೆ?"

"ಹೌದು ಸಾರ್," ಮಾಲಿ ಬೆವರಿದ. "ಆದ್ರೆ ಉಂಡ ಮನೆಗೆ ಎರಡು ಬಗೆಯೋನಲ್ಲ ನಾನು."

"ನಿಮ್ಮ ಚೀಲ ದೊಡ್ಡದಿತ್ತಂತೆ?"

"ಕ್ಯಾಮೆರಾ ಚೀಲ ಸಾರ್," ಫೋಟೋಗ್ರಾಫರ್ ಸಿಡುಕಿದ. "ಆಚೆ ಹುಲ್ಲುಗಾವಲಲ್ಲಿ ಇಂಥವು ಬೇಕಾದಷ್ಟಿವೆ. ಕದಿಯೋಕೆ ನಂಗೇನು ಹುಚ್ಚೇ?"

"ಎಲ್ಲರೂ ಮೋಸಹೋಗೋದು ಅಲ್ಲೇ." ಅಧಿಕಾರಿ ಮಸೂರ ಹಿಡಿದು ಬಗ್ಗಿದ. "ಹೂವಿನೊಳಗೆ ಎರಡು ಪರಾಗದ ಉಂಡೆ ಇವೆ, ನೋಡಿ. ಹುಲ್ಲುಗಾವಲಿನ ಜಾತೀಲಿ ಒಂದಕ್ಕೊಂದು ಅಂಟಿದಂತಿರುತ್ವೆ. ಕಳುವಾದದ್ದರಲ್ಲಿ ದೂರ ದೂರ. ಇದ್ರಲ್ಲಿ?"

ಅಕ್ಕ ನೋಡಿದಳು. "ಅದೂ ಅಲ್ಲ, ಇದೂ ಅಲ್ಲ, ಎರಡರ ನಡುವೆ... ಮಿಶ್ರತಳಿ!"

"ಹೌದು. ಒಂದು ಕಡೆ ಹುಲ್ಲುಗಾವಲಿನ ಗಿಡ. ಇನ್ನೊಂದು ಕಡೆ? ಆ ಜಾತಿ ಉಳಿದಿರೋದು ನಿಮ್ಮ ಕುಂಡದಲ್ಲಿ ಮಾತ್ರ. ಅಂದ್ರೆ ಪರಾಗ ಹೋಗಿದ್ದು ಇಲ್ಲಿಂದ್ಲೇ. ಬೀಜ ಮೊಳೆತು ಹೂ ಬಿಡೋಕೆ ವರ್ಷಗಟ್ಟಲೆ ಬೇಕು. ನಾವೋ, ನಿನ್ನೆ ಯಾರು ಬಂದ್ರು ಅಂತ ತಲೆ ಕೆಡಿಸ್ಕೊಂಡ್ವಿ. ಕೇಳಬೇಕಾದ್ದು— ಆಗ ಇಲ್ಲಿ ಯಾರಿದ್ರು? ಇವರಿಬ್ಬರೂ ಇರ್ಲಿಲ್ಲ. ಇದ್ದಿದ್ದು ನಿಮ್ಮ ತಂಗಿ."

ತಂಗಿ ಹೌದೆಂದು ತಲೆಯಾಡಿಸಿದಳು.

"ಯಾಕೇ?" ಅಕ್ಕ ತಂಗಿಯತ್ತ ತಿರುಗಿದಳು. "ಮಾರೋಕಾ?"

"ಅಯ್ಯೋ, ಅಲ್ಲ. ಬಿಟ್ಟುಹೋಗೋವಾಗ ನಿನ್ನ ನೆನಪಿಗೆ ಅಂತ ಚೂರು ಪರಾಗ ಒಯ್ದೆ. ನನ್ನ ಹತ್ರ ಇದ್ದ ಹುಲ್ಲುಗಾವಲಿನ ಗಿಡಕ್ಕೆ ಹಚ್ಚಿದೆ. ಆ ಬೀಜದ ಗಿಡ ಮೊನ್ನೆ ಮೊದಲ ಹೂ ಬಿಡ್ತು. ನೋಡೋಕೆ ಮನೇಲಿ ಯಾರಿದ್ದಾರೆ? ನಿಂಗೆ ತೋರ್ಸೋಣ ಅಂತ ಬುಟ್ಟೀಲಿ ತಂದ್ರೆ, ನೀನು ನನ್ನ ಮುಖಾನೂ ನೋಡ್ಲಿಲ್ಲ. ಹೊಟ್ಟೆ ಉರೀತು. ನಿನ್ನ ಕುಂಡದಲ್ಲಿ ನನ್ನದನ್ನಿಟ್ಟು ನಿನ್ನದನ್ನ ಎತ್ಕೊಂಡ್ಹೋದೆ. ಅದನ್ನ ಹುಡುಕ್ಕೊಂಡಾದ್ರೂ ನನ್ನ ಬಾಗಿಲು ತಟ್ತೀಯೇನೋ ಅಂತ."



"ದೂರು ಬರ್ಕೊಳ್ಳಲಾ?" ಅಧಿಕಾರಿ ಮೆಲ್ಲಗೆ ಕೇಳಿದ.

ಅಕ್ಕ ಕೈಯ ಮಣ್ಣು ತೊಳೆದುಕೊಂಡಳು.

"ನಿನ್ನ ಮನೆ ಎಲ್ಲಿದೆ ಅಂತ್ಲೂ ನಂಗೊತ್ತಿಲ್ಲ ಕಣೇ," ಎಂದಳು. "ನಡಿ, ತೋರ್ಸು."