ಊಟದ ಮೇಜಿನ ಒಪ್ಪಿಗೆ

"ಗಂಟಲಿನ ಸ್ಪೆಷಲಿಸ್ಟ್ ಏನಂದ್ರು?" ಅತ್ತೆ ಕೇಳಿದರು.

ಸೊಸೆ ಚಪ್ಪಲಿಯನ್ನೂ ಬಿಚ್ಚದೆ ಊಟದ ಮೇಜಿನ ಹತ್ತಿರ ನಿಂತಿದ್ದಳು. "ಕ್ಯಾನ್ಸರ್ ಅಂತೆ. ಧ್ವನಿಪೆಟ್ಟಿಗೇನೇ ತೆಗೀಬೇಕಂತೆ. ನಮ್ಮಮ್ಮ ಬದುಕ್ತಾಳೆ... ಮಾತು ಹೋಗುತ್ತೆ." ಮಾವ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗೇ ಇಳಿಸಿದರು.

ಆ ಮನೆಯಲ್ಲಿ ಮೂವರು ಡಾಕ್ಟರು: ಮಾವ, ಮಗ, ಸೊಸೆ. ಕೆಳಗೆ ಕ್ಲಿನಿಕ್, ಮೇಲೆ ಸಂಸಾರ. ಬಂದ ರೋಗಿಯನ್ನು ಯಾರು ಬಿಡುವಾಗಿದ್ದರೋ ಅವರು ನೋಡುವುದು. ದೊಡ್ಡ ಆಸ್ಪತ್ರೆಗೆ ಕಳಿಸಬೇಕಾದರೆ ಮಾತ್ರ ಮಧ್ಯಾಹ್ನ ಊಟಕ್ಕೆ ಕೂತಾಗ ಮಾವನ ಒಪ್ಪಿಗೆ ಆಗಬೇಕು. "ಸುಮ್ಮಸುಮ್ಮನೆ ಜನರನ್ನ ಅಲೆಸೋ ಕ್ಲಿನಿಕ್ ನಮ್ಮದಲ್ಲ" ಎಂದು ಅವರಿಗೆ ಭಾರಿ ಜಂಬ. ಜಂಬಕ್ಕೇನು, ಗಂಟಲು ಬೇರೆಯವರದು ತಾನೇ!

ಸೊಸೆಯ ಅಮ್ಮ ಗಂಟಲು ಕಟ್ಟಿದೆಯೆಂದು ಬಂದಾಗ ಮೊದಲು ನೋಡಿದವನು ಅಳಿಯ. ಔಷಧಿ ಕೊಟ್ಟ. ಮುಂದಿನ ಸಲ ಬೀಗರು ನೋಡಿ ಬೇರೆ ಔಷಧಿ ಕೊಟ್ಟರು. ಇಬ್ಬರಿಗೂ ಅದು ಹೊಸದಾಗಿ ಬಂದ ನೆಗಡಿಯೇ. ಮಗಳ ಸರದಿ ಬರುವಷ್ಟರಲ್ಲಿ ದನಿ ಪೂರ್ತಿ ಒಡೆದಿತ್ತು. ದೊಡ್ಡ ಆಸ್ಪತ್ರೆಗೆ ಕಳಿಸೋಣವೇ ಎಂದು ಅವಳು ಅಂದೇ ಊಟಕ್ಕೆ ಕೂತಾಗ ಕೇಳಿದಳು.

"ನಾನೇ ನೋಡಿದ್ದೀನಲ್ಲಮ್ಮ, ಸ್ವಲ್ಪ ಕಾಯೋಣ," ಎಂದರು ಮಾವ. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ.

ಅವಳೂ ಡಾಕ್ಟರೇ... ಆದರೆ ಆ ಮೇಜಿನ ಮುಂದೆ ಬರೀ ಸೊಸೆ! ಉಂಡೆದ್ದು ಕೆಳಗೆ ಕ್ಲಿನಿಕ್ಕಿಗೆ ಇಳಿದಳು. ಹೀಗೇ ತಿಂಗಳುಗಳು ಕಳೆದವು. ಕೊನೆಗೆ ಅಮ್ಮನಿಗೆ ಉಸಿರೇ ಸಿಕ್ಕಿಕೊಂಡಂತಾದಾಗ, ಯಾರನ್ನೂ ಕೇಳದೆ ತಾನೇ ಸ್ಪೆಷಲಿಸ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು.

ಆಪರೇಷನ್ನಿನ ಬೆಳಿಗ್ಗೆ ಆಸ್ಪತ್ರೆಯ ಕೋಣೆಯಲ್ಲಿ ಅಮ್ಮನ ಕೈ ಹಿಡಿದು ಕೂತಳು. ಅಳು ಬರಬೇಕಿತ್ತು, ಬರಲಿಲ್ಲ. ಎದೆಯೊಳಗೆ ಏನೂ ಅಲುಗಾಡುತ್ತಿರಲಿಲ್ಲ.

"ಅಮ್ಮಾ, ಒಂದೇ ಒಂದ್ಸಲ ನನ್ನ ಹೆಸರು ಹಿಡಿದು ಕರಿ."

ಅಮ್ಮ ಕಷ್ಟಪಟ್ಟು ಉಗುಳು ನುಂಗಿದಳು. ಅಷ್ಟರಲ್ಲಿ ಮಾವ ಒಳಗೆ ಬಂದು ಮಂಚದ ಕಾಲ ಬಳಿ ನಿಂತರು.

"ನನ್ನಿಂದ ತಪ್ಪಾಯ್ತು..." ಅವರು ಸೊಸೆಯ ಕಡೆ ತಿರುಗಿದರು. "ಇನ್ಮೇಲೆ ಯಾರನ್ನ ಕಳಿಸಬೇಕೋ ನೀನೇ ಕಳಿಸಮ್ಮ. ನನ್ನ ಕೇಳ್ಬೇಡ."

"ಆಯ್ತು ಮಾವ," ಎಂದಳು ಸೊಸೆ.

ಅಮ್ಮ ಮಗಳ ಕೈ ಬಿಟ್ಟು, ತಲೆ ಎತ್ತಿ, ಇದ್ದಬದ್ದ ದನಿಯನ್ನೆಲ್ಲ ಒಟ್ಟುಗೂಡಿಸಿಕೊಂಡಳು.

"ಬೀಗರೇ, ನಿಂತೇ ಇದ್ದೀರಲ್ಲ... ಕೂತ್ಕೊಳ್ಳಿ."

ಸ್ಟ್ರೆಚರ್ ಬಂತು. ಅಮ್ಮನ ಬಾಯಿಂದ ಬಂದ ಕೊನೆಯ ಮಾತು ಅದೇ ಆಯಿತು.

ಮಾವ ಕೂತರು. ಮಗಳು ಖಾಲಿ ಮಂಚದ ಪಕ್ಕ ನಿಂತೇ ಇದ್ದಳು.