ಮೊದಲ ಸಾಲಿನ ಮೂರು ಅಕ್ಷರ

ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಮೂರು ಅಕ್ಷರಗಳು ಕಾಣೆಯಾಗಿದ್ದವು.

ವಿಡಿಯೋ ಗೇಮ್ ಅಂಗಡಿಯ ಮೂಲೆಯ ಯಂತ್ರ ಎಂದಿನಂತೆ ಬೆಳಗುತ್ತಿತ್ತು. ಪರದೆಯ ಮೇಲೆ, ಯಾರೂ ಆಡಿಸದೆಯೇ, ಪುಟ್ಟ ಸೈನಿಕ ಓಡಿದ, ಗುಂಡು ಹಾರಿಸಿದ, ಸತ್ತ. ಆಮೇಲೆ ಅಂಕಪಟ್ಟಿ ಬಂತು. ಮೊದಲ ಸಾಲಿನಲ್ಲಿ ತಮ್ಮನ ಮೂರು ಅಕ್ಷರಗಳಿಲ್ಲ. ಕಾರ್ಖಾನೆಯವರು ತುಂಬಿಸಿದ ಯಾವುದೋ ಅಕ್ಷರಗಳು.

ಇನ್‌ಸ್ಪೆಕ್ಟರ್ ಟೋಪಿ ತೆಗೆದಳು. ಮಾಲೀಕರ ಮುರಿದ ಕೈ ವಿಚಾರಿಸಲು ಬಂದವಳು ಅವಳು. ಅತಿ ಹೆಚ್ಚು ಅಂಕ ಗಳಿಸಿ ಆ ಸಾಲಿನಲ್ಲಿ ತನ್ನ ಹೆಸರಿನ ಮೂರಕ್ಷರ ಹಾಕಿದ್ದ ಅವಳ ತಮ್ಮ ಸತ್ತು ಆರು ವರ್ಷ. ಪ್ರತಿ ಸೋಮವಾರ ನಾಲ್ಕಕ್ಕೆ ಅಮ್ಮ ಬಂದು ಆ ಸಾಲು ನೋಡಿ ಹೋಗುತ್ತಿದ್ದಳು. ಇವತ್ತೂ ಬರುತ್ತಾಳೆ.

"ಯಾರು ಮುಟ್ಟಿದ್ದು, ಮಾವ?"

"ನನ್ನ ಕೇಳ್ಬೇಡಮ್ಮ. ಆ ಆಟದ ಗಂಧಗಾಳಿ ನನಗಿಲ್ಲ. ಟೋಕನ್ ಕೊಡೋನು ಅಷ್ಟೇ," ಎಂದರು ಮಾಲೀಕರು. ಬಲಗೈಯ ಪ್ಲಾಸ್ಟರ್ ಇನ್ನೂ ಬೆಳ್ಳಗಿತ್ತು. ಶನಿವಾರ ಮೆಟ್ಟಿಲಲ್ಲಿ ಜಾರಿ ಬಿದ್ದರಂತೆ.

ನೆಲ ಒರೆಸುವವಳು ತಾನಾಗಿಯೇ ಒಪ್ಪಿಕೊಂಡಳು.

"ಪ್ಲಗ್ ಕಿತ್ತಿದ್ದು ನಾನೇ ಮೇಡಂ. ಸೋಮವಾರ ಸೋಮವಾರ ಕೀಳ್ತೀನಿ. ಯಜಮಾನ್ರು ಬೇಡ ಅಂತ ಬಡ್ಕೋತಾರೆ. ಶಾಕ್ ಹೊಡೆದು ನಾನು ಸತ್ರೆ ಅವ್ರು ಬಂದು ಒರೆಸ್ತಾರಾ?"

"ಎಷ್ಟು ದಿನದಿಂದ?"

"ಏಳು ವರ್ಷ. ಒಂದು ವಾರ ತಪ್ಪಿಸಿಲ್ಲ."

ಇನ್‌ಸ್ಪೆಕ್ಟರ್ ಮೆಕ್ಯಾನಿಕ್‌ಗೆ ಫೋನ್ ಮಾಡಿದಳು.

"ಹಳೇ ಬೋರ್ಡ್ ಮೇಡಂ, ಬ್ಯಾಟರಿ ಇಲ್ಲ. ಕರೆಂಟ್ ಹೋದ್ರೆ ಎಲ್ಲಾ ಮರೆತುಬಿಡುತ್ತೆ, ನಮ್ಮ ತಾತನ ಥರ."

* * *

ಆ ಸಾಲಿನ ಫೋಟೋ ತೆಗೆದು ಅಮ್ಮ ಪ್ರತಿ ವಾರ ಕಳಿಸುತ್ತಿದ್ದಳು; ಎಲ್ಲವೂ ಮೊಬೈಲಿನಲ್ಲಿದ್ದವು. ಇನ್‌ಸ್ಪೆಕ್ಟರ್ ಇದುವರೆಗೆ ಅಕ್ಷರ ಮಾತ್ರ ನೋಡಿದ್ದಳು. ಈಗ ಅಂಕ ನೋಡಿದಳು. ಒಂದು ವಾರ 3,12,400. ಮುಂದಿನ ವಾರ 2,98,700.

"ಮಾವ, ಮೂರನೇ ಹಂತದ ಟ್ಯಾಂಕಿಗೆ ಗುಂಡು ಸಾಕಾ?"

"ಗುಂಡಿಗೆಲ್ಲಿ ಬಗ್ಗುತ್ತಮ್ಮ? ಗ್ರೆನೇಡೇ ಬೇಕು. ಅದೂ ಸೇತುವೆ ದಾಟಿದ ಮೇಲೆ..."

ಮಾಲೀಕರು ನಾಲಿಗೆ ಕಚ್ಚಿಕೊಂಡರು.

"ಗಂಧಗಾಳಿ ಇಲ್ಲ ಅಂದ್ರಿ. ಬೆಳಿಗ್ಗೆ ಅವಳು ಪ್ಲಗ್ ಕೀಳ್ತಾಳೆ, ಪಟ್ಟಿ ಅಳಿಸಿಹೋಗುತ್ತೆ. ಅಮ್ಮ ಬರೋದ್ರೊಳಗೆ ನೀವು ಆಡಿ ಅವನ ಅಕ್ಷರ ಹಾಕ್ತೀರಿ. ಅದಕ್ಕೇ ವಾರಕ್ಕೊಂದು ಅಂಕ. ಇವತ್ತು ಕೈ ಇಲ್ಲ, ಅಕ್ಷರವೂ ಇಲ್ಲ."

"ಮೊದಲನೇ ವಾರವೇ ಹೇಳೋಣ ಅಂತಿದ್ದೆ. ನಿಮ್ಮಮ್ಮ ಆ ಸಾಲಿನ ಮೇಲೆ ಬೆರಳಿಟ್ರು. ಬಾಯಿ ಬರಲಿಲ್ಲ."

ಗೋಡೆ ಗಡಿಯಾರದಲ್ಲಿ ಮೂರೂ ಇಪ್ಪತ್ತು.

"ಎಡಗೈ ನೆಟ್ಟಗಿದೆಯಲ್ಲ? ಓಡಿಸೋದು ನೀವು. ಹೊಡೆಯೋದು ನಾನು."

* * *

ಸೈನಿಕ ಆರು ಸಲ ಸತ್ತ. ಏಳನೆಯ ಸಲ 54,200. ಕಾರ್ಖಾನೆಯವರ ಮೊದಲ ಸಾಲು ಐವತ್ತು ಸಾವಿರದ್ದು. ಸಾಕಾಯಿತು. ಅಕ್ಷರ ಹಾಕಲು ಯಂತ್ರ ಇಪ್ಪತ್ತು ಸೆಕೆಂಡ್ ಕೊಡುತ್ತದೆ. ಇನ್‌ಸ್ಪೆಕ್ಟರ್ ಹತ್ತೊಂಬತ್ತು ತೆಗೆದುಕೊಂಡಳು.

ಅಮ್ಮ ನಾಲ್ಕಕ್ಕೆ ಸರಿಯಾಗಿ ಬಂದಳು. ಕನ್ನಡಕ ಒರೆಸಿ ಪರದೆ ನೋಡಿದಳು.

"ಈ ವಾರ ಅಂಕ ತುಂಬಾ ಇಳಿದಿದೆಯಲ್ಲ?"

"ವಯಸ್ಸಾಯ್ತಲ್ಲ ಅಕ್ಕಾ," ಎಂದುಬಿಟ್ಟರು ಮಾಲೀಕರು.

ಅಮ್ಮ ಅವರ ಪ್ಲಾಸ್ಟರ್ ನೋಡಿದಳು. ಬಟನ್ ಒತ್ತಿ ಒತ್ತಿ ಕೆಂಪಾದ ಮಗಳ ಹೆಬ್ಬೆರಳು ನೋಡಿದಳು.

"ಮೂಳೆ ಕೂಡೋಕೆ," ಎಂದಳು, "ಎಷ್ಟು ಸೋಮವಾರ ಬೇಕಂತೆ?"