ಬಣ್ಣ ತಿರುಗಿದ ಪೈಪು

ಸುಳ್ಳು ಹೇಳುವವನು ಹೀಗೆ ಕಣ್ಣಲ್ಲಿ ಕಣ್ಣಿಟ್ಟು ನಿಲ್ಲುತ್ತಾನೆಯೇ? ನಿಲ್ಲಲೂಬಹುದು. ಅಪಘಾತವಾದ ಗಾಡಿಗಳನ್ನು ವಿಮಾ ಕಂಪನಿಗಳ ಪರವಾಗಿ ಪರೀಕ್ಷಿಸುವುದೇ ರವಿಚಂದ್ರನ ಉದ್ಯೋಗ. ಅಂಥವರನ್ನು ಅವನು ಬೇಕಾದಷ್ಟು ಕಂಡಿದ್ದ. ಆದರೂ ಎದುರಿಗೆ ನಿಂತ ಆನಂದ್‌ನನ್ನು ನೋಡಿದರೆ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ.

ದೊಡ್ಡಬೆಳವಂಗಲದ ಮನೆಗೆ ಅಂಟಿಕೊಂಡೇ ಅವನ ತಮ್ಮ ಮುರಳಿಯ ಗ್ಯಾರೇಜು. ಆನಂದ್ ಅಲ್ಲಿಯ ಮೆಕ್ಯಾನಿಕ್ಕು. ಶೆಡ್ಡಿನ ನಡುವೆ, ತೀರಿಹೋದ ಅಪ್ಪ ಚಿನ್ನಸ್ವಾಮಿಯ ಹಳೆಯ ಪುಟ್ಟ ಬೈಕು. ಪೂರ್ತಿ ಬಿಚ್ಚಿ, ಎಂಜಿನ್ ಬೋರ್ ಮಾಡಿಸಿ, ಮತ್ತೆ ಕಟ್ಟಿದ್ದರು. ಕೊನೆಗೆ ಉಳಿದದ್ದು ತುಕ್ಕು ತಿಂದು ತೂತಾಗಿದ್ದ ಸೈಲೆನ್ಸರ್. ಅದನ್ನು ಕಿತ್ತು, ನಿನ್ನೆ ಸಂಜೆ ಹೊಸದನ್ನು ಕೂರಿಸಿದ್ದರು. ಮುಖ ಕಾಣುವಂಥ ಕ್ರೋಮು. ಎಂಜಿನ್ ಒಂದು ಸಲವೂ ಸ್ಟಾರ್ಟ್ ಮಾಡಿರಲಿಲ್ಲ. ಗಾಡಿ ಕೊಂಡಿದ್ದ ಅನಿಲ್‌ಕುಮಾರ್ ಇವತ್ತು ಬಂದು ತನ್ನ ಕಾಲಿಂದಲೇ ಮೊದಲ ಕಿಕ್ ಹೊಡೆಯಬೇಕು, ಹಾಗೆಂದು ಮಾತಾಗಿತ್ತು.

ಬೆಳಿಗ್ಗೆ ಶೆಡ್ ತೆಗೆದರೆ — ಸೈಲೆನ್ಸರಿನ ಹಿಂಬದಿ ಜಜ್ಜಿದೆ. ಎಂಜಿನ್ನಿಂದ ಇಳಿಯುವ ಬೆಂಡು ಪೈಪು ಹೊಂಬಣ್ಣಕ್ಕೆ ತಿರುಗಿದೆ!

"ಬಿಸಿ ತಾಗ್ದೆ ಕ್ರೋಮು ಬಣ್ಣ ತಿರುಗತ್ತಾ?" ಮುರಳಿ ಹಾರಾಡಿದ. "ಓಡ್ಸಿದ್ದೀಯ, ಬೀಳ್ಸಿದ್ದೀಯ, ತಂದು ನಿಲ್ಸಿ ಬೀಗ ಹಾಕಿದ್ದೀಯ. ಬೀಗದ ಕೈ ಇರೋದೇ ಎರಡು. ಒಂದು ನಮ್ಮನೆ ಗೋಡೆ ಮೇಲೆ, ಇನ್ನೊಂದು ನಿನ್ನತ್ರ. ಬೊಗಳೋ!"

"ಆ ಸೈಲೆನ್ಸರ್‌ನ ಊರೂರು ಸುತ್ತಿ ಹುಡುಕಿ ತಂದೋನು ನಾನು. ನಾನೇ ಯಾಕಣ್ಣ ಹಾಳು ಮಾಡ್ಲಿ?"

"ಓಡ್ಸೋ ಚಪಲ, ಇನ್ನೇನು! ಸ್ಪ್ಯಾನರ್ ಕೆಳಗಿಟ್ಟು ಹೊರಡು. ದೊಡ್ಡಬಳ್ಳಾಪುರದಲ್ಲಿ ಒಬ್ಬನೂ ನಿನ್ನನ್ನ ಗ್ಯಾರೇಜಿಗೆ ಸೇರಿಸ್ಕೋಬಾರ್ದು, ಹಂಗೆ ಮಾಡ್ತೀನಿ."

"ಕೆಲ್ಸ ಹೋದ್ರೆ ಹೋಗ್ಲಿ. ಕಳ್ಳ ಅನ್ನೋ ಹೆಸರು ಹೊತ್ಕೊಂಡು ಎಲ್ಲಿಗೋಗ್ಲಣ್ಣ?"

"ಇರು ಮುರಳಿ," ಎಂದು ರವಿಚಂದ್ರ ಮಂಡಿಯೂರಿ ಕೂತ.

ಅಷ್ಟರಲ್ಲಿ ಅಮ್ಮ ಅಶ್ವತ್ಥಮ್ಮ ಕಾಫಿ ಲೋಟಗಳನ್ನು ಹಿಡಿದು ಕುಂಟುತ್ತಾ ಬಂದರು. "ಮೊದ್ಲು ಕುಡೀರಿ. ಆಮೇಲೆ ಕಿತ್ತಾಡ್ಕೊಳ್ಳಿ."

"ಕಾಲಿಗೇನಾಯ್ತಮ್ಮ?" ರವಿಚಂದ್ರ ಕೇಳಿದ.

"ಹಂಡೆ ಒಲೆಯಿಂದ ಕೆಂಡ ಸಿಡೀತು ಕಣೋ." ಅವರು ಬಾಗಿಲ ಕಲ್ಲಿನ ಮೇಲೆ ಕೂತು, ಸೀರೆಯಂಚನ್ನು ತುಸು ಸರಿಸಿ, ಬಲಗಾಲಿನ ಮೀನಖಂಡದ ಒಳಬದಿಗೆ ಲೋಳೆಸರ ಸವರಿಕೊಂಡರು. ಮುರಳಿ ಅತ್ತ ತಿರುಗಿಯೂ ನೋಡಲಿಲ್ಲ.

ಅನಿಲ್‌ಕುಮಾರ್ ಬಂದ. ಸಂಗತಿ ಕೇಳಿ ಪೆಚ್ಚಾದ. ಕಾಯಲಾರದೆ ಇವನೇ ಬಂದು ಓಡಿಸಿದ್ದರೆ ಎಂದು ರವಿಚಂದ್ರನಿಗೆ ಅನುಮಾನ.

"ಪೆಟ್ರೋಲ್ ಆನ್ ಮಾಡಿ, ನೋಡೋಣ," ಎಂದ ರವಿಚಂದ್ರ.

ಅನಿಲ್‌ಕುಮಾರ್ ಹ್ಯಾಂಡಲ್ ಮೇಲೆಲ್ಲ ತಡಕಾಡಿದ. "ಪೆಟ್ರೋಲ್ ಬಟನ್ ಎಲ್ಲಿದೆ ಗುರು?"

ಅಂಥ ಸಂಕಟದಲ್ಲೂ ಆನಂದ್‌ಗೆ ನಗು ಬಂತು. ಟ್ಯಾಂಕಿನ ಕೆಳಗಿನ ನಲ್ಲಿಯನ್ನೇ ಅರಿಯದವನು ಈ ಗಾಡಿ ಓಡಿಸಿರಲಾರ.

ರವಿಚಂದ್ರ ಮತ್ತೆ ಜಜ್ಜಿದ ಜಾಗಕ್ಕೆ ಬಂದ. ಹ್ಯಾಂಡಲಿನ ಬಲತುದಿಯಲ್ಲಿ ಒಂದಿಷ್ಟು ಮಣ್ಣು. ಉಜ್ಜಿದ ಗೀರಿಲ್ಲ. ಅಂದರೆ ವೇಗದಲ್ಲಿ ಬಿದ್ದದ್ದಲ್ಲ. ತಿರುಗಿಸುವಾಗ ಬಲಕ್ಕೆ ಒರಗಿದೆ. ಒರಗಿದ ಗಾಡಿ ಓಡಿಸುವವನ ಬಲಗಾಲಿನ ಮೇಲೇ ಬರುತ್ತದೆ. ಕಾದ ಸೈಲೆನ್ಸರ್ ಸುಮ್ಮನೆ ಬಿಡುತ್ತದೆಯೇ?

"ಆನಂದ್, ಪ್ಯಾಂಟ್ ಮೇಲೆತ್ತು."

"ಯಾಕಣ್ಣ?"

"ಎತ್ತು."

ಆನಂದ್ ಎತ್ತಿದ. ಗ್ರೀಸಿನ ಕಲೆ ಬಿಟ್ಟರೆ ಏನೂ ಇಲ್ಲ.

"ಓಡ್ಸಿದ್ದು ಇವನಲ್ಲ, ಮುರಳಿ."

"ಮತ್ತಿನ್ಯಾರು? ದೆವ್ವ ಬಂದು ಓಡಿಸ್ತಾ?"

ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಿದರೆ ಇಷ್ಟು ಜನರ ನಡುವೆ ಅಮ್ಮನ ಮರ್ಯಾದೆ. ಹೇಳದಿದ್ದರೆ ಈ ಹುಡುಗನ ಬದುಕು.

"ಕೆಂಡ ಸಿಡಿದ್ರೆ ಚುಕ್ಕಿ ಚುಕ್ಕಿ ಸುಡತ್ತೆ," ಎಂದ ಕೊನೆಗೆ, ಯಾರ ಮುಖವನ್ನೂ ನೋಡದೆ. "ಅಮ್ಮನ ಕಾಲಿನ ಗಾಯ ಪೈಪಿನಷ್ಟು ಅಗಲ ಇದೆ."

"ಏ, ಏನ್ ಮಾತಾಡ್ತಿದ್ದೀಯ? ಅಮ್ಮ ಅಪ್ಪನ ಹಿಂದೆ ಕೂತಿದ್ದು ಬಿಟ್ರೆ..."

"ಹೇಗೆ ಕೂರ್ತಿದ್ರು? ಎರಡೂ ಕಾಲು ಎಡಗಡೆ. ನಮ್ಮ ಕಡೆ ಸೀರೆ ಉಟ್ಟೋರೆಲ್ಲ ಕೂರೋದು ಹಂಗೇ. ಸೈಲೆನ್ಸರ್ ಇರೋದು ಬಲಗಡೆ. ಬಲಗಾಲಿನ ಒಳಬದಿ ಸುಡಬೇಕಂದ್ರೆ ಕಾಲು ಎರಡೂ ಕಡೆ ಹಾಕಿ ಕೂತಿರಬೇಕು. ಅಮ್ಮ ಹಂಗೆ ಕೂರ್ತಾರೆ ಅಂತ ನಮಗೆ ಯಾವತ್ತಾದ್ರೂ ಅನ್ಸಿತ್ತಾ? ಅದಕ್ಕೇ ಗಾಯ ಕಣ್ಮುಂದೆ ಇದ್ರೂ ಕಾಣ್ಲಿಲ್ಲ. ಗೋಡೆ ಮೇಲಿದ್ದ ಬೀಗದ ಕೈ ತಗೊಂಡು ಗಾಡಿ ಓಡ್ಸಿದ್ದು ಅಮ್ಮ."

ಮುರಳಿ ಈಗ ಅಮ್ಮನ ಕಾಲಿನತ್ತ ತಿರುಗಿದ. ಅಶ್ವತ್ಥಮ್ಮ ಸೀರೆಯಂಚನ್ನು ಪಾದದವರೆಗೂ ಎಳೆದುಕೊಂಡರು.

"ನಿಮ್ಮಪ್ಪನೇ ಕಲ್ಸಿದ್ದು. ಊರೋರು ಆಡ್ಕೋತಾರೆ ಅಂತ ಬೆಳಕು ಹರಿಯೋಕೆ ಮುಂಚೆ, ಕೆರೆ ಅಂಗಳದಲ್ಲಿ. ನೀವು ಹುಟ್ಟಿದ್ಮೇಲೆ ಬಿಟ್ಬಿಟ್ಟೆ. ಇವತ್ತು ಗಾಡಿ ಹೊರಟೋಗತ್ತಲ್ಲ... ಬೆಳಗಿನ ಜಾವ, ಯಾರಿಗೂ ಕೇಳ್ಬಾರ್ದು ಅಂತ ಕೆರೆವರೆಗೂ ತಳ್ಕೊಂಡೇ ಹೋದೆ. ಕೈ ಮರೆತಿರ್ಲಿಲ್ಲ ಕಣೋ. ತಿರುಗಿಸೋವಾಗ ಒರಗಿಬಿಡ್ತು." ಆನಂದ್ ಕಡೆ ತಿರುಗಿದರು. "ಕಾಫಿ ನೆಪದಲ್ಲಿ ಹೇಳೋಕೇ ಬಂದೆ ಕಣಪ್ಪ. ಬಾಯೇ ಬರ್ಲಿಲ್ಲ. ತಪ್ಪಾಯ್ತು."

"ಅಯ್ಯೋ, ಬಿಡಿ ಅಮ್ಮ. ಮೊದ್ಲು ಆ ಗಾಯ ಆಸ್ಪತ್ರೇಲಿ ತೋರ್ಸಿ."

ಮುರಳಿ ಕೆಳಗೆ ಬಿದ್ದಿದ್ದ ಸ್ಪ್ಯಾನರ್ ಎತ್ತಿ, ಬಟ್ಟೆಯಲ್ಲಿ ಒರೆಸಿ, ಆನಂದ್ ಕೈಗೆ ಕೊಟ್ಟ. ಮುಖ ಎತ್ತಲಾಗಲಿಲ್ಲ. ಆನಂದ್ ಒಂದು ಗಳಿಗೆ ತಡೆದೇ ತೆಗೆದುಕೊಂಡ.

"ಹಂಗಾದ್ರೆ ಮೊದಲನೇ ಕಿಕ್ ನಿಮ್ದೇ ಆಗೋಯ್ತಲ್ಲಮ್ಮ!" ಅನಿಲ್‌ಕುಮಾರ್ ನಕ್ಕ. "ಇರ್ಲಿ ಬಿಡಿ. ಜಜ್ಜಿದ್ದೂ ಹಂಗೇ ಇರ್ಲಿ."

ಆನಂದ್ ಅವನಿಗೆ ಪೆಟ್ರೋಲ್ ನಲ್ಲಿ ತೋರಿಸಿಕೊಟ್ಟ. ಮೂರ್ನಾಲ್ಕು ಕಿಕ್ಕಿಗೆ ಎಂಜಿನ್ ಹಿಡಿಯಿತು. ಅಶ್ವತ್ಥಮ್ಮ ಎದ್ದು ನಿಂತರು. ಸೆರಗು ಹಿಡಿದಿದ್ದ ಬಲಗೈ ಅವರಿಗೇ ತಿಳಿಯದಂತೆ ಇಲ್ಲದ ಆಕ್ಸಿಲರೇಟರನ್ನು ತಿರುವುತ್ತಿತ್ತು. ರವಿಚಂದ್ರ ಅದನ್ನು ಕಂಡ. ಗಾಡಿ ಹೊಗೆಯುಗುಳುತ್ತಾ ರಸ್ತೆಗಿಳಿದು ತಿರುವಿನಲ್ಲಿ ಮರೆಯಾಯಿತು.

ಗಾಡಿ ಹೋಗುವ ಮುಂಚೆ, 'ನೀನೊಂದು ಸುತ್ತು ಓಡಿಸಿಕೊಂಡು ಬಾ, ಊರೆಲ್ಲ ನೋಡಲಿ' ಎಂದು ಅವನು ಅಮ್ಮನಿಗೆ ಹೇಳಬಹುದಿತ್ತು. ಹೇಳಲಿಲ್ಲ.